ಮನೆಯವರಿಗೆ ಕೆಲಸ ಸಿಕ್ಕಿತು, ಅಂಗವಿಕಲ ವೇತನ ಏನಾಗುತ್ತದೆ?

"ಹೆಂಡತಿಗೆ ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಆಗಿದೆ. ನನ್ನ ಪಿಂಚಣಿ ನಿಂತು ಹೋಗುತ್ತಾ?" "ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ಹೊರಗುತ್ತಿಗೆ ಕೆಲಸಕ್ಕೆ ಸೇರಿದ್ದಾರೆ. ಕಾರ್ಡು ರದ್ದಾಗುತ್ತೆ ಅಂತ ಹೆದರಿಸ್ತಿದ್ದಾರೆ, ಹೌದಾ?" ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವುದಕ್ಕಿಂತ ಒಂದೇ ಕಡೆ ಪೂರ್ತಿ ಬರೆಯುವುದು ಒಳ್ಳೆಯದು ಅನ್ನಿಸಿತು.

ಮೊದಲು ನೇರ ಉತ್ತರ. ಅಂಗವಿಕಲ ವೇತನಕ್ಕೆ (ಸರ್ಕಾರ ತಿಂಗಳು ತಿಂಗಳು ಕೊಡುವ ಪಿಂಚಣಿ, ಮುಂದೆ ಬರೀ "ವೇತನ" ಅಂದರೂ ಇದೇ) ಆದಾಯದ ಮಿತಿ ಇದೆ. ಆ ಮಿತಿ ತುಂಬಾ ಕಡಿಮೆ. ಗಂಡ ಅಥವಾ ಹೆಂಡತಿ ತಿಂಗಳ ಸಂಬಳದ ಕೆಲಸಕ್ಕೆ ಸೇರಿದರೆ ನಿಯಮದ ಪ್ರಕಾರ ವೇತನದ ಅರ್ಹತೆ ಹೋಗುತ್ತದೆ. ಹಾಗಂತ ಎಲ್ಲವೂ ಹೋಗುವುದಿಲ್ಲ. ಕೆಲವು ಸೌಲಭ್ಯಗಳಿಗೆ ಮನೆಯ ಆದಾಯದ ಲೆಕ್ಕವೇ ಇಲ್ಲ. ಕೆಲವು ಹೋದರೂ ಅವುಗಳ ಜಾಗಕ್ಕೆ ಬೇರೆ ಬರುತ್ತವೆ, ಕೇಳಿ ಪಡೆಯಬೇಕು ಅಷ್ಟೆ. ತಿಂಗಳಿಗೆ 800 ಅಥವಾ 1,400 ರೂಪಾಯಿ ಹೋಗುತ್ತದೆ ಅಂತ ಬಂದ ಕೆಲಸ ಬಿಡಬೇಡಿ. ಲೆಕ್ಕ ಹಾಕಿ, ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಈ ಕ್ರಮ ತಪ್ಪಿದವರೇ ಆಮೇಲೆ ಕಷ್ಟಕ್ಕೆ ಸಿಕ್ಕಿಕೊಳ್ಳುವುದು.

ಶುರು ಮಾಡುವ ಮುಂಚೆ ಇಷ್ಟನ್ನು ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳಿ: ಇಬ್ಬರ ಆಧಾರ್, ರೇಷನ್ ಕಾರ್ಡು, ಯುಡಿಐಡಿ ಕಾರ್ಡು (ಅಂಗವಿಕಲತೆಯ ಗುರುತಿನ ಚೀಟಿ, ಶೇಕಡಾವಾರು ಅದರಲ್ಲೇ ಇರುತ್ತದೆ), ವೇತನ ಮಂಜೂರಾದ ಆದೇಶದ ಪ್ರತಿ, ಈಗಿರುವ ಆದಾಯ ಪ್ರಮಾಣಪತ್ರ, ವೇತನ ಜಮಾ ಆಗುವ ಖಾತೆಯ ಪಾಸ್‌ಬುಕ್, ಮತ್ತು ಹೊಸ ಕೆಲಸದ ನೇಮಕಾತಿ ಪತ್ರ ಅಥವಾ ಮೊದಲ ತಿಂಗಳ ಸಂಬಳದ ಚೀಟಿ. ಮಂಜೂರಾತಿ ಆದೇಶ ಕಳೆದುಹೋಗಿದ್ದರೆ ನಾಡಕಚೇರಿಯಲ್ಲಿ ಪ್ರತಿ ಕೇಳಿ. ಅದರ ಮೇಲಿನ ಸಂಖ್ಯೆ ಪ್ರತಿ ಹಂತದಲ್ಲೂ ಬೇಕಾಗುತ್ತದೆ.

1. ಯಾವುದಕ್ಕೆ ಆದಾಯದ ಲೆಕ್ಕ ಇದೆ, ಯಾವುದಕ್ಕೆ ಇಲ್ಲ

ಒಂದು ಹಾಳೆ ತಗೊಳ್ಳಿ. ಮಧ್ಯೆ ಗೆರೆ ಎಳೆಯಿರಿ.

ಎಡಗಡೆ, ಮನೆಯ ಆದಾಯ ಎಷ್ಟಾದರೂ ಹೋಗದೇ ಇರುವಂಥವು. ಯುಡಿಐಡಿ ಕಾರ್ಡು ಇದರಲ್ಲಿ ಮೊದಲನೆಯದು. ಅದು ನಿಮ್ಮ ದೇಹದ ಸ್ಥಿತಿಗೆ ಕೊಟ್ಟ ದಾಖಲೆ, ನಿಮ್ಮ ಬಡತನಕ್ಕೆ ಕೊಟ್ಟದ್ದಲ್ಲ. ಹೆಂಡತಿಗೆ ಕೆಲಸ ಸಿಕ್ಕಿತು ಅಂತ ಅದನ್ನು ಯಾರೂ ವಾಪಸ್ ಕೇಳುವಂತಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸು ಹಾಗೇ ಉಳಿಯುತ್ತದೆ. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದಾದ ಪಾಸು ಅದು. ರೈಲಿನ ರಿಯಾಯಿತಿ ಇರುತ್ತದೆ. ಉದ್ಯೋಗದ ಮೀಸಲಾತಿಯೂ ನಿಮ್ಮದೇ ಹಕ್ಕು, ಸಂಗಾತಿಯ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಗೃಹಜ್ಯೋತಿಯ ವಿದ್ಯುತ್, ಶಕ್ತಿ ಯೋಜನೆಯ ಬಸ್ಸು, ಇವಕ್ಕೂ ಆದಾಯದ ಮಿತಿ ಇಲ್ಲ.

ಬಲಗಡೆ, ಆದಾಯ ನೋಡುವಂಥವು. ಅಂಗವಿಕಲ ವೇತನ, ಬಿಪಿಎಲ್ ಕಾರ್ಡು, ಅದರ ಹಿಂದೆ ಬರುವ ಅಕ್ಕಿ ಮತ್ತು ಆರೋಗ್ಯ ರಕ್ಷಣೆ, ಕೇಂದ್ರದ ಯೋಜನೆಯಲ್ಲಿ ಉಚಿತವಾಗಿ ಸಿಗುವ ಗಾಲಿಕುರ್ಚಿ, ಶ್ರವಣ ಸಾಧನದಂಥ ಸಲಕರಣೆಗಳು, ಮಕ್ಕಳ ವಿದ್ಯಾರ್ಥಿವೇತನ. ಇವುಗಳ ಮಿತಿ ಒಂದೇ ಅಲ್ಲ. ಇದನ್ನು ಜನ ಗಮನಿಸುವುದಿಲ್ಲ. ಒಂದರ ಮಿತಿ ದಾಟಿದ ತಕ್ಷಣ ಎಲ್ಲವೂ ಹೋಯಿತು ಅಂದುಕೊಂಡು ಸುಮ್ನೆ ಕೂತುಬಿಡುತ್ತಾರೆ. ಉದಾಹರಣೆಗೆ ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮಿತಿ ವರ್ಷಕ್ಕೆ 2.5 ಲಕ್ಷ. ಅಂಗವಿಕಲ ವೇತನ ನಿಂತ ಮನೆಗೂ ಅದು ಸಿಗಬಹುದು.

2. ವರ್ಷದ ಆದಾಯ ಸರಿಯಾಗಿ ಲೆಕ್ಕ ಹಾಕಿ

ಇಲ್ಲಿ ಲೆಕ್ಕಕ್ಕೆ ಬರುವುದು ಇಡೀ ಕುಟುಂಬದ ವರ್ಷದ ಆದಾಯ. ನಿಮ್ಮೊಬ್ಬರದ್ದಲ್ಲ, ಕೆಲಸಕ್ಕೆ ಸೇರಿದವರೊಬ್ಬರದ್ದೂ ಅಲ್ಲ.

ತಿಂಗಳ ಸಂಬಳ ಇದ್ದರೆ ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ, ಐದನೇ ಹಂತದಲ್ಲಿ ವಿವರ ಇದೆ) ಕಡಿಯುವ ಮುಂಚಿನ ಮೊತ್ತ ತಗೊಳ್ಳಬೇಕು. "ಕೈಗೆ ಬರೋದು ಇಷ್ಟೇ" ಅನ್ನುವ ಲೆಕ್ಕ ನಡೆಯುವುದಿಲ್ಲ. ಅಂಗನವಾಡಿ ಸಹಾಯಕಿ, ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯರಿಗೆ ಸಿಗುವುದನ್ನು ಗೌರವಧನ ಅನ್ನುತ್ತಾರೆ, ಸಂಬಳ ಅನ್ನುವುದಿಲ್ಲ. ಆದರೂ ಅದು ಆದಾಯವೇ.

ಕೂಲಿ ಕೆಲಸಕ್ಕೆ ಲೆಕ್ಕ ಬೇರೆ. ನಮ್ಮ ಕಡೆ ಅಡಿಕೆ ಸುಲಿಯುವ ಕೆಲಸ ವರ್ಷ ಪೂರ್ತಿ ಇರುವುದಿಲ್ಲ, ಅಲ್ವಾ? ಕೊನೆಕೊಯ್ಲು ಶುರುವಾದ ಮೇಲೆ ಕೆಲವು ತಿಂಗಳು, ಆಮೇಲೆ ಸ್ವಲ್ಪ ತೋಟದ ಕೆಲಸ, ಮಳೆಗಾಲದಲ್ಲಿ ನಟ್ಟಿ. ದಿನಕ್ಕೆ 450 ರೂಪಾಯಿಯಂತೆ 60 ದಿನ ಹೋದರೆ ವರ್ಷಕ್ಕೆ 27,000. ಇದನ್ನೇ ಯಾರಾದರೂ "ತಿಂಗಳಿಗೆ ಹದಿಮೂರು ಸಾವಿರ" ಅಂತ ಹಿಡಿದು ಹನ್ನೆರಡರಿಂದ ಗುಣಿಸಿದರೆ ಒಂದೂವರೆ ಲಕ್ಷ ದಾಟುತ್ತದೆ. ಹಾಗಾಗಿ ವಿಎ (ಗ್ರಾಮ ಆಡಳಿತ ಅಧಿಕಾರಿ, ಮೊದಲಿನ ಗ್ರಾಮ ಲೆಕ್ಕಿಗರು) ವಿಚಾರಣೆಗೆ ಬಂದಾಗ ಎಷ್ಟು ದಿನದ ಕೆಲಸ ಅನ್ನುವುದನ್ನು ಬಿಡಿಸಿ ಹೇಳಿ. ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ಕೂಲಿ ಕೆಲಸಕ್ಕೆ ಹೋಗುವವರಿಗೆ ಈ ಪುಸ್ತಕವೇ ಆಧಾರ.

ತೋಟ, ಗದ್ದೆ ಇದ್ದರೆ ಅದರ ಆದಾಯವೂ ಸೇರುತ್ತದೆ.

3. ವೇತನದ ಮಿತಿ: ವರ್ಷಕ್ಕೆ 32,000

ಅಂಗವಿಕಲತೆ ಶೇ 40ರಿಂದ 75ರ ಒಳಗಿದ್ದರೆ ತಿಂಗಳಿಗೆ 800 ರೂಪಾಯಿ, ಶೇ 75ಕ್ಕಿಂತ ಜಾಸ್ತಿ ಇದ್ದರೆ 1,400. ಮೊದಲನೆಯದು 600 ಇತ್ತು, 2021ರಲ್ಲಿ 800 ಆಯಿತು. ಇದಕ್ಕೆ ಕುಟುಂಬದ ಆದಾಯ ವರ್ಷಕ್ಕೆ 32,000 ಮೀರಬಾರದು.

32,000ವನ್ನು ಹನ್ನೆರಡು ತಿಂಗಳಿಗೆ ಭಾಗಿಸಿ ನೋಡಿ. ತಿಂಗಳಿಗೆ ಸುಮಾರು 2,667 ಬರುತ್ತದೆ. ಇಷ್ಟು ಕಡಿಮೆ ಸಂಬಳಕ್ಕೆ ಈಗ ಯಾರು ಪೂರ್ತಿ ದಿನ ದುಡಿಯುತ್ತಾರೆ? ಹಾಗಾಗಿ ಅಂಗಡಿ, ಕಾರ್ಖಾನೆ, ಶಾಲೆ, ಆಸ್ಪತ್ರೆ, ಎಲ್ಲೇ ತಿಂಗಳ ಸಂಬಳ ಶುರುವಾದರೂ ಈ ಗೆರೆ ದಾಟುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕಾಲಿಲ್ಲದವರ ಖರ್ಚು, ಕಣ್ಣಿಲ್ಲದವರ ಖರ್ಚು ಮನೆಗೆ ಸಂಬಳ ಬಂದ ದಿನ ಕಡಿಮೆಯಾಗುವುದಿಲ್ಲ. ಮಿತಿ ಏರಿಸಬೇಕು ಅಂತ ಎಲ್ಲರೂ ಸೇರಿ ಕೇಳಬೇಕು. ಆದರೆ ನಿಯಮ ಬದಲಾಗುವವರೆಗೆ ಲೆಕ್ಕ ಇದರ ಮೇಲೇ ನಡೆಯುತ್ತದೆ.

ಈಗ ಪೂರ್ತಿ ಲೆಕ್ಕ. ತೀರ್ಥಹಳ್ಳಿ ರಸ್ತೆಯ ಒಂದು ಹಳ್ಳಿಯ ಮನೆ ಅಂತ ಇಟ್ಟುಕೊಳ್ಳಿ. ಗಂಡನಿಗೆ ಶೇ 60 ಅಂಗವಿಕಲತೆ. ಹೆಂಡತಿಗೆ 13,000 ರೂಪಾಯಿ ಸಂಬಳದ ಕೆಲಸ ಸಿಕ್ಕಿದೆ. ಇಡೀ ಸಂಬಳಕ್ಕೆ ಪಿಎಫ್ ಶೇ 12ರಂತೆ ಹಿಡಿದರೂ 1,560 ಹೋಗುತ್ತದೆ, ಅದು ಅವರದ್ದೇ ಉಳಿತಾಯ. ಇಎಸ್‌ಐಗೆ ಶೇ 0.75, ಅಂದರೆ 98 ರೂಪಾಯಿ. ಕೈಗೆ 11,300ರ ಆಸುಪಾಸು. ಹೋಗುವ ವೇತನ ತಿಂಗಳಿಗೆ 800.

ಇಷ್ಟಕ್ಕೇ ನಿಲ್ಲಿಸಬೇಡಿ. ಇನ್ನೂ ಎರಡು ಖರ್ಚು ಸೇರಿಸಿ. ಒಂದು ಬಸ್ಸು. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತಗೊಳ್ಳಲೇಬೇಕು. ಅಂಗವಿಕಲರ ಪಾಸೂ ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ಕಾರ್ಖಾನೆಯ ವಾಹನ ಎಲ್ಲಿವರೆಗೆ ಬರುತ್ತದೆ ಅಂತ ಸೇರುವ ಮುಂಚೆಯೇ ಕೇಳಿಕೊಳ್ಳಿ.

ಇನ್ನೊಂದು ಆರೈಕೆ. ಕೆಲಸಕ್ಕೆ ಹೋಗುವವರೇ ಇಷ್ಟು ದಿನ ಮನೆಯಲ್ಲಿ ನಿಮ್ಮ ಸ್ನಾನ, ಊಟ, ಔಷಧ ನೋಡುತ್ತಿದ್ದರೆ ಇನ್ನು ಮುಂದೆ ಅದನ್ನು ಯಾರು ನೋಡುತ್ತಾರೆ? ಪೇಟೆಯಲ್ಲಾದರೆ ಪಕ್ಕದ ಮನೆಯವರು ಒಂದು ಸಲ ಬಂದು ಹೋಗಬಹುದು. ನಮ್ಮ ಒಂಟಿ ಮನೆಗಳಲ್ಲಿ ಕೂಗಿದರೂ ಕೇಳಿಸದಷ್ಟು ದೂರ. ಹಗಲು ಹೊತ್ತು ಒಬ್ಬರನ್ನು ಇಡಬೇಕಾದರೆ ಅದರ ಸಂಬಳ ಎಷ್ಟು, ಅಥವಾ ಅಕ್ಕನೋ ಅತ್ತೆಯೋ ಬಂದು ಇರುತ್ತಾರಾ, ಇದನ್ನು ಮಾತಾಡಿ ತೀರ್ಮಾನ ಮಾಡಿ. 800 ರೂಪಾಯಿಗಿಂತ ಇದು ದೊಡ್ಡ ಲೆಕ್ಕ. ಕೆಲಸ ಬೇಕೋ ಬೇಡವೋ ಅನ್ನುವುದನ್ನು ಇದರ ಮೇಲೆ ತೀರ್ಮಾನಿಸಿ, ಪಿಂಚಣಿಯ ಮೇಲಲ್ಲ.

4. ರೇಷನ್ ಕಾರ್ಡು: ರದ್ದು ಬೇರೆ, ಬದಲಾವಣೆ ಬೇರೆ

ಬಿಪಿಎಲ್ ಕಾರ್ಡಿಗೆ (ಕಚೇರಿಯಲ್ಲಿ ಆದ್ಯತಾ ಕಾರ್ಡು ಅನ್ನುತ್ತಾರೆ) ಮಿತಿ ವರ್ಷಕ್ಕೆ 1.20 ಲಕ್ಷ. ತಿಂಗಳಿಗೆ 10,000. ಸಂಗಾತಿಯ ಸಂಬಳ 8,000 ಇದ್ದು ಬೇರೆ ಆದಾಯ ಇಲ್ಲದಿದ್ದರೆ ವೇತನ ಹೋಗಬಹುದು, ಆದರೆ ಕಾರ್ಡು ಉಳಿಯುತ್ತದೆ. ಇದನ್ನು ನೆನಪಿಡಿ.

ಆದಾಯವಲ್ಲದೆ ಇನ್ನೂ ಕೆಲವು ಕಾರಣಕ್ಕೆ ಕಾರ್ಡು ಹೋಗುತ್ತದೆ. ಮನೆಯಲ್ಲಿ ಒಬ್ಬರು ಸರ್ಕಾರದ ಅಥವಾ ಸರ್ಕಾರದ ಅನುದಾನ ಪಡೆಯುವ ಸಂಸ್ಥೆ, ನಿಗಮ, ಮಂಡಳಿಯ ಕಾಯಂ ನೌಕರರಾದರೆ ಹೋಗುತ್ತದೆ. ಆದಾಯ ತೆರಿಗೆ, ಜಿಎಸ್‌ಟಿ, ವೃತ್ತಿ ತೆರಿಗೆ ಕಟ್ಟುವವರಿದ್ದರೆ ಹೋಗುತ್ತದೆ. ವೃತ್ತಿ ತೆರಿಗೆ ಅಂದರೆ ತಿಂಗಳ ಸಂಬಳ 25,000 ಮುಟ್ಟಿದಾಗ ಸಂಬಳದಲ್ಲೇ ಕಡಿಯುವ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಬಿಳಿ ಬೋರ್ಡಿನ ಕಾರು ಇದ್ದರೂ ಹೋಗುತ್ತದೆ.

ಹೊರಗುತ್ತಿಗೆಯವರು ಇಲ್ಲಿ ಎಡವುತ್ತಾರೆ. "ನಾನು ಕಾಯಂ ಅಲ್ಲವಲ್ಲ, ನಮಗೆ ಅನ್ವಯ ಆಗಲ್ಲ" ಅನ್ನುತ್ತಾರೆ. ಕಾಯಂ ನೌಕರರ ನಿಯಮ ಅನ್ವಯ ಆಗುವುದಿಲ್ಲ, ನಿಜ. ಆದರೆ 1.20 ಲಕ್ಷದ ಮಿತಿ ಅನ್ವಯ ಆಗುತ್ತದೆ.

ಮಿತಿ ದಾಟಿದ್ದರೆ ಏನು ಮಾಡಬೇಕು? ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ ಕಾರ್ಡನ್ನು ಎಪಿಎಲ್‌ಗೆ ಬದಲಾಯಿಸಿ ಅಂತ ಕೇಳಿ. ಬದಲಾಯಿಸಿ ಅಂತಲೇ ಬರೆಯಿರಿ. ರದ್ದು ಮಾಡಿ ಅಂತ ಬರೆಯಬೇಡಿ. ಈ ಒಂದು ಪದದಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಎಪಿಎಲ್ ಕಾರ್ಡಿನ ಯಜಮಾನಿಗೂ ಬರುತ್ತದೆ. ಅವರಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಆಗಿರಬಾರದು ಅಷ್ಟೆ. ಆದರೆ ಕಾರ್ಡೇ ಇಲ್ಲವಾದರೆ ಆ ಹಣವೂ ನಿಲ್ಲುತ್ತದೆ. ಮೇಲಿನ ಉದಾಹರಣೆಯ ಮನೆಯಲ್ಲಿ ಸಂಬಳ 13,000, ವರ್ಷಕ್ಕೆ 1,56,000. ಬಿಪಿಎಲ್ ಹೋಗುತ್ತದೆ, ಆದರೆ ಗೃಹಲಕ್ಷ್ಮಿ ಉಳಿಯುತ್ತದೆ. 800 ಹೋದದ್ದಕ್ಕೆ ಅಳುತ್ತಾ 2,000 ಕಳೆದುಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ. ಕೆಲಸಕ್ಕೆ ಸೇರಿದವರ ಹೆಸರನ್ನು ಕಾರ್ಡಿನಿಂದ ತೆಗೆಸಿ ತವರು ಮನೆಯ ಕಾರ್ಡಿಗೆ ಸೇರಿಸಿಬಿಡಿ, ಎಲ್ಲ ಸರಿಹೋಗುತ್ತದೆ ಅಂತ ಹೇಳಿಕೊಡುವವರು ಸಿಗುತ್ತಾರೆ. ಮಾಡಬೇಡಿ. ಒಂದೇ ಮನೆಯಲ್ಲಿ ಇರುವ ಗಂಡ ಹೆಂಡತಿ ಬೇರೆ ಬೇರೆ ಕುಟುಂಬ ಅಂತ ತೋರಿಸುವುದು ಸುಳ್ಳು ಮಾಹಿತಿ. ಆಧಾರ್ ಮತ್ತು ರೇಷನ್ ಕಾರ್ಡಿನ ಮೇಲೆ ಕಟ್ಟಿದ "ಕುಟುಂಬ" ಅನ್ನುವ ದತ್ತಾಂಶ ಸರ್ಕಾರದ ಬಳಿ ಇದೆ. ಪಿಎಫ್, ಇಎಸ್‌ಐ, ಪ್ಯಾನ್ ಎಲ್ಲಕ್ಕೂ ಆಧಾರ್ ಜೋಡಿಸಿದೆ. ಎರಡು ವರ್ಷ ಬಿಟ್ಟು ಸಿಕ್ಕಿಬಿದ್ದರೆ ಹಿಂದಿನದೆಲ್ಲ ವಾಪಸ್ ಕಟ್ಟಿ ಅಂತ ನೋಟಿಸ್ ಬರಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಆಮೇಲೆ ನಿಜವಾಗಿ ಕಷ್ಟ ಬಂದು ಅರ್ಜಿ ಹಾಕಿದಾಗ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

5. ಆರೋಗ್ಯ ರಕ್ಷಣೆಯಲ್ಲಿ ಖಾಲಿ ಬಿಡಬೇಡಿ

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಇರುವುದು ಈ ಹಂತದ ಬಗ್ಗೆ. ಅಂಗವಿಕಲರಿರುವ ಮನೆಯಲ್ಲಿ ಆಸ್ಪತ್ರೆಯ ಖರ್ಚು ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಚಿಕಿತ್ಸೆಯ ನಿಗದಿತ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಅಂದರೆ ಕಾರ್ಡು ಬದಲಾದ ದಿನ ದೊಡ್ಡ ಬೆಂಬಲವೊಂದು ಸರಿಯುತ್ತದೆ. ಅದರ ಜಾಗಕ್ಕೆ ಬರಬೇಕಾದದ್ದು ಇಎಸ್‌ಐ.

ಇಎಸ್‌ಐ ಅಂದರೆ ಕಾರ್ಮಿಕರ ವಿಮೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳ ಸಂಬಳ 21,000 ಮೀರದವರಿಗೆ ಇದು ಇರಬೇಕು. ಕೆಲಸ ಮಾಡುವವರೇ ಅಂಗವಿಕಲರಾದರೆ ಮಿತಿ 25,000. ನೌಕರರಿಂದ ಶೇ 0.75, ಮಾಲೀಕರಿಂದ ಶೇ 3.25 ಹೋಗುತ್ತದೆ. ಇದರಲ್ಲಿ ಕೆಲಸ ಮಾಡುವವರ ಜೊತೆ ಗಂಡ ಅಥವಾ ಹೆಂಡತಿಗೂ ಚಿಕಿತ್ಸೆ ಇದೆ. ನೀವು ಅಂಗವಿಕಲರು ಅನ್ನುವ ಕಾರಣಕ್ಕೆ, ಮೊದಲೇ ಕಾಯಿಲೆ ಇತ್ತು ಅನ್ನುವ ಕಾರಣಕ್ಕೆ ನಿಮ್ಮನ್ನು ಹೊರಗಿಡುವುದಿಲ್ಲ. ಖಾಸಗಿ ವಿಮೆಗಿಂತ ಇದು ಒಳ್ಳೆಯದಾಗುವುದು ಇಲ್ಲಿಯೇ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಚೇರಿಯಲ್ಲಿ ಮೂರು ಮಾತು ಕೇಳಿ. ಇಎಸ್‌ಐ ನಂಬರ್ ಆಯಿತಾ? ಕುಟುಂಬದ ಪಟ್ಟಿಯಲ್ಲಿ ಗಂಡನ ಅಥವಾ ಹೆಂಡತಿಯ ಹೆಸರು, ಆಧಾರ್ ಸೇರಿಸಿದ್ದೀರಾ? ಯಾವ ಚಿಕಿತ್ಸಾಲಯ ನಮೂದಿಸಿದ್ದೀರಿ? ಹೆಸರು ಸೇರಿಸುವುದನ್ನು ಮರೆತು, ಆಸ್ಪತ್ರೆಗೆ ಹೋದ ದಿನ "ಪಟ್ಟಿಯಲ್ಲಿ ನೀವಿಲ್ಲ" ಅನ್ನಿಸಿಕೊಂಡವರು ಇದ್ದಾರೆ. ಚಿಕಿತ್ಸಾಲಯ ಮನೆಗೆ ಹತ್ತಿರದ್ದು ಇರಲಿ, ಯಾಕೆಂದರೆ ಅಲ್ಲಿಗೆ ಹೋಗಬೇಕಾದವರು ನೀವು. ಇ-ಪೆಹಚಾನ್ ಅನ್ನುವ ಗುರುತಿನ ಹಾಳೆಯ ಮುದ್ರಿತ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.

ಸಾಮಾನ್ಯ ಚಿಕಿತ್ಸೆ ಮೊದಲಿಂದಲೇ ಸಿಗುತ್ತದೆ. ಆದರೆ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ, ಅಂದರೆ ಹೃದಯ, ಮೂತ್ರಪಿಂಡದಂಥ ದೊಡ್ಡ ಚಿಕಿತ್ಸೆಗೆ, ಕೆಲವು ತಿಂಗಳು ವಂತಿಗೆ ಕಟ್ಟಿರಬೇಕು. ಆದ್ದರಿಂದ ಮೊದಲೇ ಗೊತ್ತಾಗಿರುವ ಶಸ್ತ್ರಚಿಕಿತ್ಸೆ ಏನಾದರೂ ಬಾಕಿ ಇದ್ದರೆ, ಬಿಪಿಎಲ್ ಅರ್ಹತೆ ಇರುವಾಗಲೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯರ ಹತ್ತಿರ ಮಾತಾಡಿ. ಕೆಲಸಕ್ಕೆ ಸೇರುವ ದಿನವನ್ನು ಅದನ್ನು ನೋಡಿಕೊಂಡು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಕಷ್ಟ ಆಗುವುದು ನಾಲ್ಕೈದು ಜನ ಇರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರಿಗೆ. ಅಲ್ಲಿ ಇಎಸ್‌ಐ ಇರುವುದಿಲ್ಲ. ಸಂಬಳ 12,000 ಇದ್ದರೆ ಬಿಪಿಎಲ್ ಕೂಡ ಇಲ್ಲ. ಇಂಥವರು ಯಶಸ್ವಿನಿ ನೋಡಿ. ಊರಿನ ಸಹಕಾರ ಸಂಘದಲ್ಲಿ ಸದಸ್ಯರಾಗಿದ್ದರೆ, ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಮಲೆನಾಡಿನಲ್ಲಿ ಸೊಸೈಟಿಯ ಸದಸ್ಯತ್ವ ಇಲ್ಲದ ಮನೆ ಕಡಿಮೆ, ಆದರೆ ಯಶಸ್ವಿನಿ ಮಾಡಿಸಿರುವುದಿಲ್ಲ. ನೋಂದಣಿ ವರ್ಷ ಪೂರ್ತಿ ತೆರೆದಿರುವುದಿಲ್ಲ, ಸೊಸೈಟಿಯ ಕಾರ್ಯದರ್ಶಿಯ ಹತ್ತಿರ ವಿಚಾರಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರುವವರಿಗೆ ನಿರಾಮಯ ಅನ್ನುವ ವಿಮೆ ಪ್ರತ್ಯೇಕವಾಗಿ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಅದು ಎಪಿಎಲ್‌ನವರಿಗೂ ಸಿಗುತ್ತದೆ.

6. ಬರವಣಿಗೆಯಲ್ಲಿ ತಿಳಿಸಿ

ನಮ್ಮ ಮನೆಯಲ್ಲೇ ಆದದ್ದು ಇಷ್ಟು. ಅತ್ತಿಗೆಗೆ ಕೆಲಸ ಸಿಕ್ಕಾಗ ಅಣ್ಣ ಒಂದು ಕಚೇರಿಗೆ ಹೋಗಿ ಬಾಯಲ್ಲಿ ಹೇಳಿ ಬಂದ. "ಆಯ್ತು, ನಾವು ನೋಡ್ಕೋತೀವಿ" ಅಂದರು. ಹದಿನಾಲ್ಕು ತಿಂಗಳು ಹಣ ಬರುತ್ತಲೇ ಇತ್ತು. ಆಮೇಲೆ ಎಲ್ಲವನ್ನೂ ವಾಪಸ್ ಕಟ್ಟಿ ಅಂತ ನೋಟಿಸ್ ಬಂತು. ಹೇಳಿದ್ದೆವು ಅನ್ನುವುದಕ್ಕೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಅಣ್ಣ ಕಂತಿನಲ್ಲಿ ಕಟ್ಟಿ ಮುಗಿಸಿದ.

ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಸಂಬಳ ಕೈಗೆ ಬಂದ ತಿಂಗಳಲ್ಲೇ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆಯಿರಿ. ಕೊಡಬೇಕಾದ್ದು ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ. ಉದ್ದ ಬೇಡ, ಹೀಗಿರಲಿ:

"ಮಾನ್ಯರೇ, ನಾನು ಅಂಗವಿಕಲ ವೇತನ ಪಡೆಯುತ್ತಿದ್ದು, ಮಂಜೂರಾತಿ ಆದೇಶ ಸಂಖ್ಯೆ ಇಷ್ಟು. ನನ್ನ ಪತ್ನಿ ಇಂಥ ದಿನಾಂಕದಿಂದ ತಿಂಗಳಿಗೆ ಇಷ್ಟು ರೂಪಾಯಿ ಸಂಬಳದ ಕೆಲಸಕ್ಕೆ ಸೇರಿರುತ್ತಾರೆ. ಇದರಿಂದ ನಮ್ಮ ಕುಟುಂಬದ ವಾರ್ಷಿಕ ಆದಾಯ ಬದಲಾಗಿದ್ದು, ನಿಯಮದಂತೆ ಪರಿಶೀಲಿಸಿ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ. ಸಂಬಳದ ಚೀಟಿಯ ಪ್ರತಿ ಲಗತ್ತಿಸಿದೆ."

ಎರಡು ಪ್ರತಿ ಮಾಡಿ. ಒಂದು ಕೊಡಿ, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆ ರಸೀದಿಯೇ ಸಾಕ್ಷಿ. ತಿಳಿಸಿದ ಮೇಲೂ ಹಣ ಜಮಾ ಆಗುತ್ತಿದ್ದರೆ ಅದನ್ನು ಖರ್ಚು ಮಾಡದೆ ಖಾತೆಯಲ್ಲೇ ಬಿಡಿ.

ಅಂಗವಿಕಲರು ತಾವೇ ಹೋಗಬೇಕು ಅಂತ ಇಲ್ಲ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ವಿಆರ್‌ಡಬ್ಲ್ಯು ಇರುತ್ತಾರೆ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ, ನಿಮ್ಮ ಕಷ್ಟ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದ್ದಾರೆ. ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ಸಾಗರಕ್ಕೆ ಬಂದು ಹೋಗುವುದು ಸುಲಭವಾಗಿದೆ. ಹೊಸನಗರ ತಾಲ್ಲೂಕಿನ ನಗರ ಹೋಬಳಿಯಂಥ ಕಡೆ ಜೋರು ಮಳೆಯಲ್ಲಿ ಇನ್ನೂ ಕಷ್ಟವೇ. ಅಂಥ ಕಡೆಯವರು ವಿಆರ್‌ಡಬ್ಲ್ಯು ಕೈಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿಯ ಫೋಟೋ ತರಿಸಿಕೊಳ್ಳಿ. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. "ಪಿಂಚಣಿ ನಿಲ್ಲದ ಹಾಗೆ ಮಾಡಿಕೊಡ್ತೀನಿ" ಅನ್ನುವವರನ್ನಂತೂ ಮನೆಗೇ ಸೇರಿಸಬೇಡಿ. ಕಚೇರಿಯಲ್ಲಿ ಕೆಲಸ ಆಗದಿದ್ದರೆ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಕೆಲಸಕ್ಕಾಗಿ ಮನೆ ಬದಲಾಯಿಸಿ ಶಿವಮೊಗ್ಗಕ್ಕೋ ಭದ್ರಾವತಿಗೋ ಬಂದವರು ವಿಳಾಸವನ್ನೂ ತಿಳಿಸಿ. ಆದಾಯ ಮಿತಿಯೊಳಗೇ ಇದ್ದರೂ ವಿಎ ಪರಿಶೀಲನೆಗೆ ಬಂದಾಗ ಊರಿನಲ್ಲಿ ನೀವು ಸಿಗದಿದ್ದರೆ "ವಾಸವಿಲ್ಲ" ಅಂತ ಬರೆಯುತ್ತಾರೆ, ವೇತನ ನಿಲ್ಲುತ್ತದೆ.

7. ಸಂಬಳ ಜಾಸ್ತಿ ಇದ್ದರೆ

ಆದಾಯ ತೆರಿಗೆ ಕಟ್ಟುವಷ್ಟು ಸಂಬಳ ಇರುವವರಿಗೆ ಒಂದೇ ವಿಷಯ. ಅಂಗವಿಕಲ ಸಂಗಾತಿಯನ್ನು ನೋಡಿಕೊಳ್ಳುವವರಿಗೆ 80ಡಿಡಿ ಅಂತ ಕರೆಯುವ ಕಡಿತ ಇದೆ. ಶೇ 40ರ ಮೇಲಾದರೆ 75,000, ಶೇ 80 ಅಥವಾ ಹೆಚ್ಚಾದರೆ 1,25,000 ರೂಪಾಯಿಯನ್ನು ಆದಾಯದಿಂದ ಕಳೆಯಬಹುದು. ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲೇ ತೆರಿಗೆ ಸೊನ್ನೆ ಬರುತ್ತಿದ್ದರೆ ಇದರ ಗೊಡವೆ ಬೇಡ. ಎರಡರಲ್ಲೂ ಲೆಕ್ಕ ಹಾಕಿಸಿ, ಆಮೇಲೆ ಆರಿಸಿ.

8. ಕೆಲಸ ಹೋದರೆ ಮತ್ತೆ ಅರ್ಜಿ

ಗುತ್ತಿಗೆ ಮುಗಿಯಬಹುದು. ಕಾರ್ಖಾನೆ ಜನ ಕಡಿಮೆ ಮಾಡಬಹುದು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಡಬೇಕಾಗಿಯೂ ಬರಬಹುದು. ಒಮ್ಮೆ ನಿಂತ ವೇತನ ಮತ್ತೆ ಸಿಗುವುದೇ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಆದಾಯ ಮಿತಿಯೊಳಗೆ ಬಂದರೆ ಮತ್ತೆ ಅರ್ಜಿ ಹಾಕಬಹುದು.

ಕೆಲಸ ಬಿಟ್ಟ ದಿನವೇ ಬಿಡುಗಡೆ ಪತ್ರ ಮತ್ತು ಕೊನೆಯ ಸಂಬಳದ ಚೀಟಿ ಕೇಳಿ ತಗೊಳ್ಳಿ. ಆಮೇಲೆ ಕೊಡುತ್ತಾರೆ ಅಂತ ಬಿಟ್ಟರೆ ಸಿಗುವುದು ಕಷ್ಟ. ಅದನ್ನು ತೋರಿಸಿ ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಅವಧಿ ಇರುತ್ತದೆ. ಕೆಲಸ ಇದ್ದಾಗ ಮಾಡಿಸಿದ್ದು ಇದ್ದರೆ ಅದರಲ್ಲಿ ಹಳೆಯ ಸಂಬಳವೇ ಇರುತ್ತದೆ, ಅದನ್ನೇ ಅರ್ಜಿಗೆ ಹಚ್ಚಿ ತಿರಸ್ಕಾರ ಮಾಡಿಸಿಕೊಳ್ಳಬೇಡಿ. ನಂತರ ನಾಡಕಚೇರಿ ಅಥವಾ ಗ್ರಾಮ ಒನ್‌ನಲ್ಲಿ ವೇತನಕ್ಕೆ ಹೊಸ ಅರ್ಜಿ ಹಾಕಿ. ಜೊತೆಗೆ ಆರನೇ ಹಂತದಲ್ಲಿ ಸೀಲು ಹಾಕಿಸಿಕೊಂಡ ಪ್ರತಿಯನ್ನು ಲಗತ್ತಿಸಿ. ಆದಾಯ ಏರಿದಾಗ ನೀವಾಗಿಯೇ ಬಂದು ತಿಳಿಸಿದ್ದಿರಿ ಅನ್ನುವುದಕ್ಕೆ ಅದೇ ದಾಖಲೆ. ವಿಚಾರಣೆಗೆ ಬಂದವರು ಮೊದಲು ಕೇಳುವುದೂ ಅದನ್ನೇ: "ಕೆಲಸ ಇದ್ದಾಗ ತಗೊಂಡಿದ್ರಾ?"

ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಸಂಖ್ಯೆಯನ್ನು ಫೋನಿನಲ್ಲೂ ಪುಸ್ತಕದಲ್ಲೂ ಬರೆದಿಡಿ. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಇನ್ನೂ ಇದೆಯಾ ಅಂತ ನೋಡಿ. ಮಂಜೂರಾದರೂ ಹಣ ಬಾರದಿರುವುದಕ್ಕೆ ಅನೇಕ ಸಲ ಇದೇ ಕಾರಣ. ವೇತನ ಶುರುವಾಗುವುದು ಹೊಸ ಮಂಜೂರಾತಿಯಿಂದ ಮುಂದಕ್ಕೆ, ಮಧ್ಯದ ತಿಂಗಳುಗಳದ್ದು ಸೇರಿಸಿ ಕೊಡುವುದಿಲ್ಲ. ಆದ್ದರಿಂದ ಕೆಲಸ ಹೋದ ವಾರದಲ್ಲೇ ಅರ್ಜಿ ಹಾಕಿ. ಎಪಿಎಲ್ ಆಗಿದ್ದ ಕಾರ್ಡನ್ನು ಬಿಪಿಎಲ್‌ಗೆ ತರಲು ಆಹಾರ ಶಾಖೆಗೆ ಬೇರೆ ಅರ್ಜಿ ಬೇಕು. ಅದನ್ನೂ ಅದೇ ದಿನ ಕೊಟ್ಟು ಬನ್ನಿ, ಇನ್ನೊಂದು ಸಲ ಬಸ್ಸು ಹತ್ತುವುದು ತಪ್ಪುತ್ತದೆ.